ಮನಿಕಂಡ್ರೆ ನಿದ್ದೆ ಬಂದಂಗಾಯ್ತದಾ? ಪ್ರಶ್ನೆ ಕೇಳಿ ನಿದ್ದೆ ಅಳೆಯುವ ಬಗೆ

ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಬೆಳಗ್ಗೆ ಹನ್ನೊಂದರ ಹೊತ್ತು. ಅಜ್ಜಿಯೊಬ್ಬರು ಜಗಲಿ ಮೇಲೆ ಕೂತು ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ತೊಡೆ ಮೇಲೆ ಪ್ರಶ್ನೆಪಟ್ಟಿ ಇಟ್ಟುಕೊಂಡು ಕೇಳಿದೆ.

“ಅಜ್ಜಿ, ರಾತ್ರಿ ಎಷ್ಟೊತ್ತಿಗೆ ಮಲಗ್ತೀರಾ?”

“ಒಂಬತ್ಕೆ.”

“ಬೆಳಗ್ಗೆ ಏಳೋದು?”

“ನಾಕೂವರ್ಗೆ. ಅಸ ಕರೀಬೇಕಲ್ಲ.”

ಒಂಬತ್ತರಿಂದ ನಾಲ್ಕೂವರೆ, ಅಂದರೆ ಏಳೂವರೆ ಗಂಟೆ. ಒಳ್ಳೆ ನಿದ್ದೆ ಅಂದುಕೊಂಡು ಪೆನ್ನು ಕಾಗದಕ್ಕೆ ತಾಗಿಸುತ್ತಿದ್ದೆ. ಅಜ್ಜಿ ಸುಲಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು.

“ಮನಿಕಂಡ್ರೆ ನಿದ್ದೆ ಬಂದಂಗಾಯ್ತದಾ ಮಗಾ? ಕಣ್ಣತ್ತೋದು ಅನ್ನೊಂದೂವರ್ಗೆ.”

ನಾನು ಮೈಸೂರಿನವಳು. ಆರೋಗ್ಯ ಸಮೀಕ್ಷೆಗಳಿಗಾಗಿ ಮೈಸೂರು, ಮಂಡ್ಯದ ಬೀದಿಗಳಲ್ಲಿ ಮನೆ ಮನೆ ತಿರುಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ ಮಾಡುತ್ತೇನೆ. ಆ ಅಜ್ಜಿ ಅವತ್ತು ಕೇಳಿದ ಒಂದು ಮಾತಿನಲ್ಲಿ ಈ ಕೆಲಸದ ಅತಿ ಕಷ್ಟದ ಗಂಟು ಇತ್ತು. ಅದನ್ನು ಬಿಡಿಸಿ ಹೇಳಬೇಕು ಅಂತ ತುಂಬ ದಿನದಿಂದ ಅನ್ನಿಸಿದೆ. ಯಾಕೆಂದರೆ “ಇಷ್ಟು ಪರ್ಸೆಂಟ್ ಜನರಿಗೆ ಸರಿಯಾಗಿ ನಿದ್ದೆಯಿಲ್ಲ” ಅನ್ನುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಆ ಸಂಖ್ಯೆ ಹೆಚ್ಚಿನ ಸಲ ಹುಟ್ಟೋದು ಇಂಥ ಜಗಲಿಗಳ ಮೇಲೆ, ಇಂಥ ಪ್ರಶ್ನೆಗಳಿಂದ.

ನಿದ್ದೆಯನ್ನು ನೇರವಾಗಿ ಅಳೆಯೋಕೆ ಯಂತ್ರ ಇಲ್ಲವಾ? ಇದೆ. ಪಾಲಿಸೋಮ್ನೋಗ್ರಫಿ ಅಂತ ಅದಕ್ಕೆ ಹೆಸರು. ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಎದೆಗೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಮೂಗಿನ ಹತ್ತಿರ ಉಸಿರು ಗುರುತಿಸುವ ಕೊಳವೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು. ಆಮೇಲೆ ತರಬೇತಿ ಪಡೆದವರು ಆ ಇಡೀ ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಎಚ್ಚರವೋ, ಹಗುರ ನಿದ್ದೆಯೋ, ಗಾಢ ನಿದ್ದೆಯೋ, ಕನಸಿನ ನಿದ್ದೆಯೋ ಅಂತ ಗುರುತು ಹಾಕಬೇಕು. ಎಂಟು ಗಂಟೆಗೆ 960 ತುಂಡು. ಒಬ್ಬರ ಒಂದು ರಾತ್ರಿಗೆ ಇಷ್ಟು ಕೆಲಸ. ಜೊತೆಗೆ ಹೊಸ ಜಾಗ, ಮೈತುಂಬ ತಂತಿ ಅಂತ ಮೊದಲ ರಾತ್ರಿ ಹೆಚ್ಚಿನವರು ಮನೆಯಲ್ಲಿ ಮಲಗುವಷ್ಟು ಚೆನ್ನಾಗಿ ಮಲಗೋದೂ ಇಲ್ಲ. ಕೆಲವು ನಿದ್ದೆ ಕಾಯಿಲೆಗಳ ಪತ್ತೆಗೆ ಇದು ಬೇಕೇ ಬೇಕು. ಆದರೆ ಒಂದು ತಾಲ್ಲೂಕಿನ ಜನ ಹೇಗೆ ನಿದ್ದೆ ಮಾಡ್ತಿದ್ದಾರೆ ಅಂತ ತಿಳಿಯೋಕೆ ಇದನ್ನು ಹೊತ್ತು ಮನೆ ಮನೆಗೆ ಹೋಗೋಕಾಗಲ್ಲ.

ಕೈಗೆ ಕಟ್ಟುವ ವಾಚಿನಂಥ ಯಂತ್ರವೂ ಉಂಟು. ಅದು ಕೈಯ ಅಲುಗಾಟ ನೋಡಿ ನಿದ್ದೆಯ ಲೆಕ್ಕ ಹಾಕುತ್ತದೆ. ಅಲುಗಾಡದೆ, ಸೂರು ನೋಡುತ್ತಾ ಚಿಂತೆ ಮಾಡುತ್ತಾ ಬಿದ್ದುಕೊಂಡಿದ್ದರೆ ಅದನ್ನೂ ಎಷ್ಟೋ ಸಲ ನಿದ್ದೆ ಅಂತಲೇ ಬರೆದುಕೊಳ್ಳುತ್ತದೆ.

ಹಾಗಾಗಿ ಪ್ರಶ್ನೆಪಟ್ಟಿ. ಖರ್ಚು ಕಡಿಮೆ ಅನ್ನೋದು ಒಂದು ಕಾರಣ ಅಷ್ಟೇ. ಯಂತ್ರಕ್ಕೆ ಸಿಗದ ಒಂದು ಸಂಗತಿ ಪ್ರಶ್ನೆಗೆ ಸಿಗುತ್ತದೆ. ನಿದ್ದೆಯಿಂದ ಎದ್ದ ಮನುಷ್ಯನಿಗೆ ಹೇಗನ್ನಿಸಿತು ಅನ್ನೋದು ಆ ಸಂಗತಿ. ನಿದ್ರಾಹೀನತೆ ಇದೆ ಅಂತ ಡಾಕ್ಟರು ತೀರ್ಮಾನಿಸೋದೂ ಮುಖ್ಯವಾಗಿ ರೋಗಿ ಹೇಳಿದ್ದನ್ನು ಕೇಳಿಯೇ. ಅದಕ್ಕೆ ಎಲ್ಲರಿಗೂ ತಂತಿ ಅಂಟಿಸಬೇಕಾಗಿಲ್ಲ. ಆದರೆ ಪ್ರಶ್ನೆಪಟ್ಟಿ ಅಳೆಯೋದು ನಿದ್ದೆಯನ್ನಲ್ಲ, ನಿದ್ದೆಯ ಬಗ್ಗೆ ಮನುಷ್ಯ ಹೇಳುವ ಮಾತನ್ನು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಲೋಕದಲ್ಲೆಲ್ಲ ತುಂಬ ಬಳಕೆಯಲ್ಲಿರುವ ಪಟ್ಟಿ ಪಿಟ್ಸ್‌ಬರ್ಗ್ ಸ್ಲೀಪ್ ಕ್ವಾಲಿಟಿ ಇಂಡೆಕ್ಸ್, ಚಿಕ್ಕದಾಗಿ ಪಿಎಸ್‌ಕ್ಯೂಐ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡೇನಿಯಲ್ ಬೈಸಿ ಮತ್ತು ಜೊತೆಗಾರರು 1989ರಲ್ಲಿ ಪ್ರಕಟಿಸಿದ್ದು. ಹಿಂದಿನ ಒಂದು ತಿಂಗಳ ಬಗ್ಗೆ 19 ಪ್ರಶ್ನೆ. ಅವುಗಳ ಉತ್ತರವನ್ನು ಏಳು ಭಾಗಗಳಾಗಿ ಕೂಡಿಸುತ್ತಾರೆ. ನಿದ್ದೆ ಹೇಗಿತ್ತು ಅನ್ನುವ ಸ್ವಂತ ಅಭಿಪ್ರಾಯ, ನಿದ್ದೆ ಹತ್ತೋಕೆ ಹಿಡಿದ ಹೊತ್ತು, ಎಷ್ಟು ಗಂಟೆ ನಿದ್ದೆ, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆಯ ಪಾಲು, ನಡುವೆ ನಿದ್ದೆ ಕೆಡಿಸಿದ ಕಾರಣಗಳು, ನಿದ್ದೆಗೆ ಔಷಧಿ, ಹಗಲಿನ ತೊಂದರೆ. ಒಂದೊಂದಕ್ಕೆ 0ಯಿಂದ 3. ಒಟ್ಟು 0ಯಿಂದ 21. ಜಾಸ್ತಿ ಅಂಕ ಅಂದರೆ ಕೆಟ್ಟ ನಿದ್ದೆ. ಶಾಲೆಯ ಅಂಕಕ್ಕೆ ತದ್ವಿರುದ್ಧ ಅನ್ನೋದು ನೆನಪಿರಲಿ. 5 ದಾಟಿದರೆ ನಿದ್ದೆ ಸರಿಯಿಲ್ಲ ಅಂತ ಲೆಕ್ಕ.

ಅಜ್ಜಿಯ ಕಾಗದವನ್ನೇ ತೆಗೆದುಕೊಳ್ಳೋಣ. ಅಂಕ ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ಕಾಣುತ್ತದೆ.

“ಒಟ್ಟಾರೆ ಹೋದ ತಿಂಗಳು ನಿದ್ದೆ ಹೇಗಿತ್ತು ಅಜ್ಜಿ?” ಅಂದೆ. “ಪರ್ವಾಗಿಲ್ಲ ಕಣವ್ವ, ಎಂಗೋ ನಡೀತದೆ” ಅಂದರು. ಪಟ್ಟಿಯಲ್ಲಿ ನಾಲ್ಕೇ ಉತ್ತರ: ತುಂಬ ಚೆನ್ನಾಗಿ, ಸುಮಾರು ಚೆನ್ನಾಗಿ, ಸುಮಾರು ಕೆಟ್ಟದಾಗಿ, ತುಂಬ ಕೆಟ್ಟದಾಗಿ. ನಮ್ಮ “ಪರವಾಗಿಲ್ಲ” ಎಲ್ಲಿಗೆ ಸೇರಬೇಕು? ಜ್ವರ ಬಂದವರೂ ಪರವಾಗಿಲ್ಲ ಅನ್ನುತ್ತಾರೆ, ಮದುವೆ ಊಟ ಉಂಡವರೂ ಪರವಾಗಿಲ್ಲ ಅನ್ನುತ್ತಾರೆ. ನಾಲ್ಕೂ ಉತ್ತರವನ್ನು ಮತ್ತೆ ಓದಿ ಹೇಳಿ ಅಜ್ಜಿಯ ಕೈಲೇ ಆರಿಸಿದೆ. ಎರಡನೆಯದು. ಅದಕ್ಕೆ 1.

ನಿದ್ದೆ ಹತ್ತೋಕೆ ಎರಡೂವರೆ ಗಂಟೆ. ಒಂದು ಗಂಟೆ ದಾಟಿದರೆ 3. ವಾರದಲ್ಲಿ ಮೂರು ಸಲ ಅಥವಾ ಅದಕ್ಕಿಂತ ಜಾಸ್ತಿ ಹೀಗಾಗುತ್ತದಾ ಅಂದರೆ ದಿನಾ ಹೀಗೇ. ಅದಕ್ಕೂ 3. ಎರಡೂ ಕೂಡಿ ಈ ಭಾಗಕ್ಕೆ ಪೂರ್ತಿ 3 ಅಂಕ.

ನಿಜವಾಗಿ ನಿದ್ದೆ ಎಷ್ಟು? “ಐದ್ ಗಂಟೆ” ಅಂದರು. ಏಳು ಗಂಟೆಗಿಂತ ಜಾಸ್ತಿ ಆಗಿದ್ದರೆ 0, ಐದಕ್ಕಿಂತ ಕಡಿಮೆ ಆಗಿದ್ದರೆ 3. ಐದರಿಂದ ಆರರ ಒಳಗೆ 2.

ಈಗ ನಿದ್ದೆಯ ಪಾಲು. ಚಾಪೆ ಮೇಲೆ ಏಳೂವರೆ ಗಂಟೆ, ನಿದ್ದೆ ಐದು ಗಂಟೆ. ಭಾಗಿಸಿದರೆ ನೂರಕ್ಕೆ ಸುಮಾರು 67. ನೂರಕ್ಕೆ 85 ಇದ್ದರೆ ಚೆನ್ನ, 65ಕ್ಕಿಂತ ಕೆಳಗಾದರೆ 3. ಅಜ್ಜಿಗೆ 2.

ನಿದ್ದೆ ಕೆಡಿಸುವ ಕಾರಣಗಳನ್ನು ಒಂದೊಂದಾಗಿ ಕೇಳಬೇಕು. ನಡುರಾತ್ರಿ ಎಚ್ಚರ ಆಗೋದು ದಿನಾ, ಒಂದಕ್ಕೆ ಏಳೋದು ದಿನಾ, ಮಂಡಿ ನೋವು ದಿನಾ. ಮೂರಕ್ಕೂ ಮೂರು ಮೂರು. ಚಳಿ ಯಾವಾಗಲೋ ಒಂದು ಸಲ, ಅದಕ್ಕೆ 1. ಗೊರಕೆ? “ಗೊರ್ಕೆನಾ? ನಾನಾ? ಇಲ್ವೇ ಇಲ್ಲ.” ಅದಕ್ಕೆ 0. ಒಟ್ಟು 10, ಅಂದರೆ ಈ ಭಾಗಕ್ಕೆ 2 ಅಂಕ. ನಿದ್ದೆ ಮಾತ್ರೆ ಇಲ್ಲ, 0. ಹಗಲು ತೂಕಡಿಕೆ, ಕೆಲಸದಲ್ಲಿ ಹುಮ್ಮಸ್ಸು ಇಲ್ಲದಿರೋದು ಸ್ವಲ್ಪ ಸ್ವಲ್ಪ, 1.

1, 3, 2, 2, 2, 0, 1. ಒಟ್ಟು 11.

ಅಜ್ಜಿ ಅವತ್ತು ನನ್ನನ್ನು ತಡೆಯದೇ ಇದ್ದಿದ್ದರೆ? ಏಳೂವರೆ ಗಂಟೆ ನಿದ್ದೆ ಅಂತಲೇ ಬರೆದುಕೊಳ್ಳುತ್ತಿದ್ದೆ. ಇನ್ನೊಂದು ರೀತಿಯಲ್ಲೂ ತಪ್ಪಾಗಬಹುದಿತ್ತು. “ಎಷ್ಟೊತ್ತಿಗೆ ಮಲಗ್ತೀರಾ” ಅನ್ನೋದನ್ನು ಅವರು “ಎಷ್ಟೊತ್ತಿಗೆ ನಿದ್ದೆ ಬರುತ್ತೆ” ಅಂತ ತಿಳಿದು “ಅನ್ನೊಂದೂವರ್ಗೆ” ಅಂದುಬಿಟ್ಟಿದ್ದರೆ, ಹನ್ನೊಂದೂವರೆಯಿಂದ ನಾಲ್ಕೂವರೆ ಐದು ಗಂಟೆ, ನಿದ್ದೆಯೂ ಐದು ಗಂಟೆ. ನೂರಕ್ಕೆ ನೂರು! ಆ ಭಾಗದ 2 ಹೋಗಿ 0 ಆಗುತ್ತಿತ್ತು. ನಿದ್ದೆ ಹತ್ತೋಕೆ ಹೊತ್ತೇ ಹಿಡಿಯಲಿಲ್ಲ ಅಂತಾಗಿ ಅಲ್ಲಿನ 3 ಕೂಡ 0. ಹನ್ನೊಂದು ಇದ್ದದ್ದು ಆರಕ್ಕೆ ಇಳಿಯುತ್ತಿತ್ತು. ಅಜ್ಜಿ ಅದೇ, ರಾತ್ರಿ ಅದೇ, ಚಾಪೆ ಅದೇ. ಬದಲಾದದ್ದು ಒಂದು ಪದದ ಅರ್ಥ.

ಇದು ಅಜ್ಜಿಯ ತಪ್ಪಲ್ಲ, ಕನ್ನಡದ ತಪ್ಪೂ ಅಲ್ಲ. ನಮ್ಮಲ್ಲಿ “ಮಲಗು” ಅನ್ನುವ ಮಾತು ಎರಡೂ ಕೆಲಸ ಮಾಡುತ್ತದೆ. “ಮಗು ಮಲಗಿದೆ, ಗಲಾಟೆ ಮಾಡಬೇಡಿ” ಅಂದರೆ ನಿದ್ದೆ ಮಾಡುತ್ತಿದೆ ಅಂತ. “ಜ್ವರ ಬಂದು ಮೂರು ದಿನ ಮಲಗಿದ್ದ” ಅಂದರೆ ಹಾಸಿಗೆ ಹಿಡಿದಿದ್ದ ಅಂತ. ಮಂಡ್ಯದ ಕಡೆಯ “ಮನಿಕೊ” ಕೂಡ ಹಾಗೇ. ಆದರೆ ಪಿಎಸ್‌ಕ್ಯೂಐನ ಲೆಕ್ಕ ನಿಂತಿರೋದೇ ಮೈ ಚಾಚಿದ ಹೊತ್ತಿಗೂ ಕಣ್ಣು ಹತ್ತಿದ ಹೊತ್ತಿಗೂ ಇರುವ ಅಂತರದ ಮೇಲೆ. ಹಾಗಾಗಿ ನಾನು ಈಗ ಮೂರು ಮಾತನ್ನು ಬೇರೆ ಬೇರೆಯಾಗಿ ಬಳಸುತ್ತೇನೆ. ಟಿವಿ ನೋಡುತ್ತಾ ಚಾಪೆ ಮೇಲೆ ಒರಗಿದ್ದು ಅಡ್ಡಾಗಿದ್ದು. ದೀಪ ಆರಿಸಿ ಇನ್ನು ನಿದ್ದೆ ಮಾಡಬೇಕು ಅಂತ ಹೊದ್ದುಕೊಂಡಿದ್ದು ಮಲಗಿದ್ದು. ಆಮೇಲೆ ಕಣ್ಣು ಹತ್ತಿದ್ದು ನಿದ್ದೆ. ಹಳ್ಳಿಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಯೇ ಇಲ್ಲ. ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ ಅಂತ ಇಷ್ಟೊಂದು ಹೆಸರು ಇಟ್ಟುಕೊಂಡ ಜನ ನಾವು. ಕೇಳುವ ನಮಗೆ ಪದದ ಮೇಲೆ ಗಮನ ಇದ್ದರೆ ಸಾಕು.

ಅದಕ್ಕೇ ಇಂಥ ಪಟ್ಟಿಯ ಅನುವಾದ ಸುಮ್ನೆ ಕೂತು ಮಾಡುವ ಕೆಲಸವಲ್ಲ. ಒಬ್ಬರು ಕನ್ನಡಕ್ಕೆ ತರಬೇಕು. ಮೂಲ ನೋಡಿರದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಅರ್ಥ ಜಾರಿದೆ ನೋಡಬೇಕು. ಆಮೇಲೆ, ನನ್ನ ಮಟ್ಟಿಗೆ ಇದೇ ಮುಖ್ಯ, ಕೆಲವು ಜನರ ಹತ್ತಿರ ಕೂತು “ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯ್ತು, ನಿಮ್ಮ ಮಾತಲ್ಲಿ ಹೇಳಿ” ಅಂತ ಕೇಳಬೇಕು. “ಮಲಗು” ಅನ್ನುವ ಪದದ ಎಡವಟ್ಟು ತಿರುಗು ಅನುವಾದದಲ್ಲಿ ಸಿಕ್ಕಿಬೀಳಲ್ಲ, ಎರಡು ಕಡೆಯೂ ಸರಿಯಾಗೇ ಕಾಣುತ್ತದೆ. ಅದು ಸಿಕ್ಕಿಬೀಳೋದು ಜಗಲಿ ಮೇಲೇ.

ಪದ ಸರಿಹೋದರೂ ನೆನಪು ಉಳಿಯಿತಲ್ಲ. ನಿದ್ದೆಯಲ್ಲಿದ್ದವರು ನಿದ್ದೆಯ ಹೊತ್ತನ್ನು ಹೇಗೆ ಅಳೆದಾರು? ಅಮೆರಿಕದ ಷಿಕಾಗೊದಲ್ಲಿ ಜನರ ಕೈಗೆ ವಾಚಿನಂಥ ಯಂತ್ರ ಕಟ್ಟಿ, ಅವರ ಬಾಯಿಮಾತನ್ನೂ ಕೇಳಿ ಹೋಲಿಸಿ ನೋಡಿದ್ದರು. ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜನ ತಮ್ಮ ನಿದ್ದೆಯನ್ನು ಸರಾಸರಿ ಮುಕ್ಕಾಲು ಗಂಟೆಯಷ್ಟು ಜಾಸ್ತಿ ಹೇಳುತ್ತಿದ್ದರು. ಅದರಲ್ಲೂ ಕಡಿಮೆ ನಿದ್ದೆ ಮಾಡುವವರೇ ಇನ್ನೂ ಜಾಸ್ತಿ ಕೂಡಿಸಿ ಹೇಳುತ್ತಿದ್ದರು. ಅಂದರೆ ಯಾರ ಕಷ್ಟ ದೊಡ್ಡದೋ ಅವರ ಕಷ್ಟವೇ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ.

ನಮಗೆ ಇನ್ನೂ ಹತ್ತಿರದ್ದು ಚೆನ್ನೈನ ಅಧ್ಯಯನ. 2021ರಲ್ಲಿ ಪ್ರಕಟವಾದದ್ದು. ಅಲ್ಲಿನ ಕಡಿಮೆ ಆದಾಯದ 452 ದುಡಿಯುವ ಜನರನ್ನು ಅರ್ಥಶಾಸ್ತ್ರಜ್ಞರು ಇದೇ ಥರದ ಯಂತ್ರ ಕಟ್ಟಿ ನೋಡಿದರು. ರಾತ್ರಿ ಹಾಸಿಗೆಯಲ್ಲಿ ಕಳೆದದ್ದು ಸುಮಾರು ಎಂಟು ಗಂಟೆ. ನಿದ್ದೆ ಐದೂವರೆ ಗಂಟೆಯಷ್ಟು ಮಾತ್ರ! ಸೆಕೆ, ಸೊಳ್ಳೆ, ಗದ್ದಲ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಎಷ್ಟೊತ್ತಿಗೆ ಮಲಗಿ ಎಷ್ಟೊತ್ತಿಗೆ ಎದ್ದಿರಿ ಅಂತ ಮಾತ್ರ ಕೇಳಿ ಬಂದಿದ್ದರೆ ಇವರದ್ದು ಆರೋಗ್ಯವಂತರ ನಿದ್ದೆ ಅಂತ ಬರೆದುಕೊಂಡು ಬರಬಹುದಿತ್ತು. ಅದೇ ಅಧ್ಯಯನದಲ್ಲಿ ರಾತ್ರಿ ನಿದ್ದೆಯನ್ನು ಸರಾಸರಿ 27 ನಿಮಿಷ ಹೆಚ್ಚಿಸಿದ್ದರಿಂದ ದುಡಿಮೆಯಲ್ಲಿ ಏನೂ ಲಾಭ ಕಾಣಲಿಲ್ಲ. ಕೆಲಸದ ಜಾಗದಲ್ಲಿ ಮಧ್ಯಾಹ್ನ ಒಂದು ಸಣ್ಣ ನಿದ್ದೆ ಕೊಟ್ಟಾಗ ಒಳ್ಳೆಯ ಫಲ ಕಂಡಿತು. ಪಿಎಸ್‌ಕ್ಯೂಐ ಗಂಟೆಗಳನ್ನು ಕೇಳೋದು ರಾತ್ರಿಯದ್ದನ್ನು ಮಾತ್ರ. ಮುದ್ದೆ ಉಂಡು ಹುಣಸೇ ಮರದ ಕೆಳಗೆ ಟವೆಲ್ ಹಾಸಿ ತೆಗೆದ ಅರ್ಧ ಗಂಟೆಯ ಜೊಂಪು ಅದರ ಲೆಕ್ಕಕ್ಕೆ ಬರೋದೇ ಇಲ್ಲ. ನಮ್ಮ ರೈತರ ನಿದ್ದೆಯ ಒಳ್ಳೆಯ ಪಾಲು ಅಲ್ಲೇ ಇರುತ್ತದೆ.

ಲೆಕ್ಕಕ್ಕೆ ಬರದೇ ಇರೋದು ಇನ್ನೂ ಇದೆ. ನಿದ್ದೆಗೆ ಔಷಧಿ ತಗೊಳ್ತೀರಾ ಅಂತ ಪಟ್ಟಿ ಕೇಳುತ್ತದೆ. ಕುಡಿತದ ಬಗ್ಗೆ ಕೇಳಲ್ಲ. “ಒಂದು ಕ್ವಾರ್ಟರ್ ಬಿದ್ರೇ ನಿದ್ದೆ” ಅನ್ನುವವರಿಗೂ ಅಲ್ಲಿ 0. ಹಾಗೇ ಕಾರಣಗಳ ಪಟ್ಟಿಯಲ್ಲಿ ಕೆಮ್ಮು, ಸೆಕೆ, ಕೆಟ್ಟ ಕನಸು ಎಲ್ಲ ಇವೆ, ಕೊನೆಗೆ “ಬೇರೆ ಕಾರಣ ಇದ್ದರೆ ಬರೆಯಿರಿ” ಅಂತ ಒಂದು ಖಾಲಿ ಗೆರೆ. ಮಂಡ್ಯದ ಹಳ್ಳಿಗಳಲ್ಲಿ ಆ ಒಂದು ಗೆರೆ ಸಾಲದು. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ರಾತ್ರಿ ಬರುವ ಕಡೆ, ನೀರು ಕಟ್ಟೋಕೆ ಟಾರ್ಚು ಹಿಡಿದು ಗದ್ದೆಗೆ ಹೋಗಬೇಕು. ನಾಲೆ ನೀರಿನ ಸರದಿ ಬಂದರೆ ಅದೂ ರಾತ್ರಿಯೇ ಆಗಬಹುದು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರಿಗೆ ಗಾಣ ತಿರುಗುವ ದಿನಗಳಲ್ಲಿ ರಾತ್ರಿ ಹಗಲು ಒಂದೇ. ಕಾಡುಹಂದಿ ಕಾವಲು, ಎಳೆ ಕೂಸು, ಭತ್ತದ ಗದ್ದೆಯ ಸೊಳ್ಳೆ. ಇವರ ನಿದ್ದೆ ಕೆಟ್ಟಿಲ್ಲ, ನಿದ್ದೆ ಮಾಡೋಕೆ ಅವರಿಗೆ ಬಿಡುವು ಸಿಕ್ಕಿಲ್ಲ. ಎರಡೂ ಒಂದೇ ಅಂಕ ಕೊಡುತ್ತವೆ. ಆ ಖಾಲಿ ಗೆರೆಯಲ್ಲಿ ಬರೆದದ್ದನ್ನು ಓದದೆ ಅಂಕವನ್ನು ಮಾತ್ರ ಕಂಪ್ಯೂಟರಿಗೆ ತುಂಬಿದರೆ ಪೂರ್ತಿ ಹಳ್ಳಿಗೆ ನಿದ್ರಾಹೀನತೆ ಅಂತ ಹಣೆಪಟ್ಟಿ ಬೀಳುತ್ತದೆ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ಮಾತ್ರೆ ಬೇಕಾದವರಿಗೂ, ಹಗಲು ಕರೆಂಟು ಬೇಕಾದವರಿಗೂ ಮದ್ದು ಬೇರೆ ಅಲ್ವಾ?

ಒಂದು ತಿಂಗಳು ಅನ್ನುವ ಗಡುವೂ ಹೀಗೇ. ಅವರೆಕಾಯಿ ಕಾಲದಲ್ಲಿ ಕೇಳಿದ್ದಕ್ಕೂ ಏಪ್ರಿಲ್ ಸೆಕೆಯಲ್ಲಿ ಕೇಳಿದ್ದಕ್ಕೂ ಒಂದೇ ಮನೆಯಲ್ಲಿ ಬೇರೆ ಉತ್ತರ ಸಿಗುತ್ತದೆ. ಯಾರ ಎದುರಿಗೆ ಕೇಳಿದಿರಿ ಅನ್ನೋದೂ ಸೇರುತ್ತದೆ. ಮೂಲದಲ್ಲಿ ಇದು ಒಬ್ಬರೇ ಕೂತು ತಾವೇ ತುಂಬುವ ಪಟ್ಟಿ. ನಾವು ಗಟ್ಟಿಯಾಗಿ ಓದಿ ಕೇಳುತ್ತೇವೆ. ಒಳಗೆ ಅತ್ತೆ ಇದ್ದರೆ ಸೊಸೆಯ ನಿದ್ದೆ ಯಾವಾಗಲೂ ಚೆನ್ನಾಗೇ ಇರುತ್ತದೆ.

ಇನ್ನು ಆ 5ರ ಗೆರೆ. ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ಪೇಪರಿನ ಸುದ್ದಿ ಹೆಚ್ಚಾಗಿ ಎಡವೋದು ಇಲ್ಲೇ. ಪಟ್ಟಿ ಮಾಡಿದವರು ಆ ಗೆರೆ ಎಳೆದದ್ದು ಇನ್ನೂರಕ್ಕಿಂತ ಕಡಿಮೆ ಜನರನ್ನು ನೋಡಿ. ಅವರಲ್ಲಿ 52 ಜನ ಚೆನ್ನಾಗಿ ನಿದ್ದೆ ಮಾಡುವ ಆರೋಗ್ಯವಂತರು. ಉಳಿದವರು ಖಿನ್ನತೆಯ ರೋಗಿಗಳು ಮತ್ತು ನಿದ್ದೆ ಕಾಯಿಲೆಗೆ ಚಿಕಿತ್ಸೆಗೆ ಬಂದವರು. ಈ ಎರಡು ಗುಂಪನ್ನು ಬೇರ್ಪಡಿಸೋಕೆ 5 ಚೆನ್ನಾಗಿ ಕೆಲಸ ಮಾಡಿತು. ನಿದ್ದೆ ಕೆಟ್ಟವರಲ್ಲಿ ನೂರಕ್ಕೆ 89.6 ಜನರನ್ನು ಸರಿಯಾಗಿ ಹಿಡಿಯಿತು, ಚೆನ್ನಾಗಿ ಮಲಗುವವರಲ್ಲಿ ನೂರಕ್ಕೆ 86.5 ಜನರನ್ನು ಸರಿಯಾಗಿ ಬಿಟ್ಟಿತು.

ಈ ಜರಡಿಯನ್ನು ಆಸ್ಪತ್ರೆಯಿಂದ ಹಳ್ಳಿಗೆ ತನ್ನಿ. ಸಾವಿರ ಜನರ ಹಳ್ಳಿಯಲ್ಲಿ ನಿಜವಾದ ನಿದ್ದೆ ಕಾಯಿಲೆ ನೂರು ಜನರಿಗೆ ಇದೆ ಅಂತ ಲೆಕ್ಕಕ್ಕೆ ಅಂದುಕೊಳ್ಳೋಣ. ಆ ನೂರರಲ್ಲಿ 90 ಜನ ಜರಡಿಯಲ್ಲಿ ಸಿಕ್ಕುತ್ತಾರೆ. ಉಳಿದ 900 ಜನ ಚೆನ್ನಾಗಿರುವವರು. ಅವರಲ್ಲಿ ನೂರಕ್ಕೆ 13.5ರಂತೆ ಸುಮಾರು 121 ಜನ ತಪ್ಪಾಗಿ ಸಿಕ್ಕಿಕೊಳ್ಳುತ್ತಾರೆ. ಒಟ್ಟು 211 ಜನರಿಗೆ 5 ದಾಟಿತು. ಅದರಲ್ಲಿ ನಿಜವಾದವರು 90, ಅರ್ಧಕ್ಕಿಂತ ಕಡಿಮೆ! ಪಟ್ಟಿಯಲ್ಲಿ ದೋಷ ಏನೂ ಇಲ್ಲ. ಚೆನ್ನಾಗಿರುವವರ ರಾಶಿ ದೊಡ್ಡದಾದಾಗ ಅದರಿಂದ ಸೋರುವ ಸಣ್ಣ ಪಾಲೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದೇ ಜರಡಿಯನ್ನು ನಿದ್ದೆ ತೊಂದರೆ ಅಂತ ಡಾಕ್ಟರ ಬಾಗಿಲಿಗೆ ಬಂದವರ ಮೇಲೆ ಹಿಡಿದರೆ ಸಿಕ್ಕಿದವರಲ್ಲಿ ಹೆಚ್ಚಿನವರು ನಿಜವಾದವರೇ ಆಗಿರುತ್ತಾರೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಜರ್ಮನಿಯ ಲೈಪ್‌ಜಿಗ್ ಊರಿನಲ್ಲಿ 9,284 ಸಾಮಾನ್ಯ ಜನರಿಗೆ ಇದೇ ಪಟ್ಟಿ ಕೊಟ್ಟು ನೋಡಿದ್ದಾರೆ. 2017ರಲ್ಲಿ ಫಲಿತಾಂಶ ಬಂತು. ನೂರಕ್ಕೆ 36 ಜನ 5 ದಾಟಿದ್ದರು. ಇಡೀ ಊರಿನ ಸರಾಸರಿಯೇ 5 ಇತ್ತು. ಹೆಂಗಸರ ಅಂಕ ಗಂಡಸರದ್ದಕ್ಕಿಂತ ಜಾಸ್ತಿ. ಊರಿನ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಗೆರೆ ದಾಟಿದ್ದಾರೆ ಅಂದರೆ ಅವರೆಲ್ಲ ರೋಗಿಗಳು ಅಂತ ಅರ್ಥ ಮಾಡಿಕೊಳ್ಳಬಾರದು. ಇಂಥ ದೊಡ್ಡ ಸಮೀಕ್ಷೆಯ ಉಪಯೋಗ ಬೇರೆ. ನಿಮ್ಮ ವಯಸ್ಸಿನ, ನಿಮ್ಮ ಥರದ ಜನರಲ್ಲಿ ನಿಮ್ಮ ಅಂಕ ಎಲ್ಲಿ ನಿಲ್ಲುತ್ತದೆ ಅಂತ ಹೋಲಿಸೋಕೆ ಅದು ಬೇಕು. ಲೈಪ್‌ಜಿಗ್‌ನವರಿಗೆ ಲೈಪ್‌ಜಿಗ್‌ನ ಅಳತೆ ಸಿಕ್ಕಿತು. ಮಳವಳ್ಳಿಯವರನ್ನು, ಮದ್ದೂರಿನವರನ್ನು ಅದೇ ಅಳತೆಗೆ ಹಿಡಿದರೆ ಸರಿ ಆಗಲ್ಲ. ನಮ್ಮ ಜನರ ಸರಾಸರಿ ನಮ್ಮ ಜನರಿಂದಲೇ ಬರಬೇಕು. ಅದಕ್ಕಾಗಿಯೇ ಈ ಓಡಾಟ.

ರಾತ್ರಿಯ ಬದಲು ಹಗಲನ್ನು ಕೇಳುವ ಪಟ್ಟಿಯೂ ಒಂದಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಎಪ್‌ವರ್ತ್ ಆಸ್ಪತ್ರೆಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು, ಹೆಸರು ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್. ಎಂಟು ಸಂದರ್ಭ ಹೇಳಿ, ಪ್ರತಿಯೊಂದರಲ್ಲೂ ನಿಮಗೆ ತೂಕಡಿಕೆ ಬರುವ ಸಂಭವ ಎಷ್ಟು ಅಂತ 0ಯಿಂದ 3ರವರೆಗೆ ಕೇಳುತ್ತಾರೆ. ಓದುತ್ತಾ ಕೂತಾಗ, ಟಿವಿ ನೋಡುವಾಗ, ಯಾರ ಜೊತೆಗೋ ಮಾತಾಡುತ್ತಾ ಕೂತಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ. ಒಟ್ಟು 24. 10 ದಾಟಿದರೆ ಹಗಲು ನಿದ್ದೆ ಅತಿಯಾಗಿದೆ ಅಂತ.

ಅದರಲ್ಲೊಂದು: ಕಾರಿನಲ್ಲಿ ಪ್ರಯಾಣಿಕರಾಗಿ ಎಲ್ಲೂ ನಿಲ್ಲಿಸದೆ ಒಂದು ಗಂಟೆ ಹೋಗುವಾಗ. ಇನ್ನೊಂದು: ಕಾರು ಟ್ರಾಫಿಕ್‌ನಲ್ಲಿ ಕೆಲವು ನಿಮಿಷ ನಿಂತಾಗ. ಕಾರೇ ಹತ್ತದವರನ್ನು ಏನಂತ ಕೇಳೋದು? ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಬಸ್ಸಿನಲ್ಲಿ ಹೆಚ್ಚೂ ಕಡಿಮೆ ಒಂದು ಗಂಟೆ. “ಸೀಟ್ ಸಿಕ್ಕಿ ಕೂತಿದ್ದೀರಾ, ಮೈಸೂರು ಬರೋ ತನಕ ತೂಕಡಿಸ್ತೀರಾ?” ಅಂತ ಕೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಲ್ಲೂ ಒಂದು ಎಚ್ಚರ. ಪದ ಬದಲಾಯಿಸಿದ ಮೇಲೆ ಅದು ಹೊಸ ಪ್ರಶ್ನೆ. ಕುಲುಕುವ ಬಸ್ಸು ಬೇರೆ, ಕಾರು ಬೇರೆ. 10ರ ಗೆರೆ ಹಾಗೇ ನಿಲ್ಲುತ್ತದಾ ಅಂತ ಮತ್ತೆ ಪರೀಕ್ಷೆ ಮಾಡಿಯೇ ನೋಡಬೇಕು.

ಎಪ್‌ವರ್ತ್ ಪಟ್ಟಿಯ ತಲೆಯಲ್ಲೇ ಇನ್ನೊಂದು ಮಾತಿದೆ. ನಾವು ಕೇಳುತ್ತಿರೋದು ತೂಕಡಿಕೆ, ಬರೀ ದಣಿವಲ್ಲ ಅಂತ. ನಮ್ಮ ಕಡೆ ಎಲ್ಲಕ್ಕೂ “ಸುಸ್ತು” ಅನ್ನುವ ಒಂದೇ ಮಾತು. ರಕ್ತ ಕಡಿಮೆ ಇದ್ದರೂ ಸುಸ್ತು, ನಾಟಿ ಮಾಡಿ ಸೊಂಟ ಬಿದ್ದರೂ ಸುಸ್ತು, ಮನಸ್ಸಿಗೆ ಬೇಜಾರಾದರೂ ಸುಸ್ತು. ಹಾಗಾಗಿ “ಸುಸ್ತಾಗುತ್ತಾ” ಅಂತ ನಾನು ಕೇಳೋದೇ ಬಿಟ್ಟೆ. “ಗೊತ್ತಿಲ್ಲದ ಹಾಗೆ ಕಣ್ಣು ಮುಚ್ಚಿಕೊಂಡು ತಲೆ ವಾಲುತ್ತಾ” ಅಂತ ತಲೆ ವಾಲಿಸಿ ತೋರಿಸಿ ಕೇಳುತ್ತೇನೆ.

ನಿದ್ರಾಹೀನತೆ ಎಷ್ಟು ತೀವ್ರ ಅಂತ ನೋಡೋಕೆ ಚಾರ್ಲ್ಸ್ ಮೊರಿನ್ ಅವರ ಏಳು ಪ್ರಶ್ನೆಯ ಇನ್ಸೋಮ್ನಿಯಾ ಸಿವಿಯಾರಿಟಿ ಇಂಡೆಕ್ಸ್ ಇದೆ. 28ಕ್ಕೆ ಅಂಕ, 15 ಮುಟ್ಟಿದರೆ ಡಾಕ್ಟರನ್ನು ನೋಡಬೇಕಾದ ಮಟ್ಟ. ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಕಾಯಿಲೆಯ ಸುಳಿವಿಗೆ ಸ್ಟಾಪ್-ಬ್ಯಾಂಗ್ ಅಂತ ಎಂಟು ಹೌದು-ಇಲ್ಲ ಪ್ರಶ್ನೆಗಳಿವೆ. ಗೊರಕೆ, ಹಗಲು ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ದಪ್ಪ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ, ಗಂಡಸಾ. ಐದು ಹೌದು ಬಂದರೆ ಅಪಾಯ ಹೆಚ್ಚು. ಪಿಎಸ್‌ಕ್ಯೂಐ ಈ ಕಾಯಿಲೆಯನ್ನು ಹಿಡಿಯುವ ಪಟ್ಟಿಯಲ್ಲ. ನಿದ್ದೆ ಸರಿಯಿಲ್ಲ ಅಂತ ಹೇಳುತ್ತದೆ, ಯಾಕೆ ಅಂತ ಹೇಳಲ್ಲ.

ಆದರೂ ಪಿಎಸ್‌ಕ್ಯೂಐನ ಕೊನೆಯಲ್ಲಿ ಐದು ಪ್ರಶ್ನೆಗಳು ಇವೆ. ಒಂದೇ ಕೋಣೆಯಲ್ಲಿ ಮಲಗುವ ಇನ್ನೊಬ್ಬರನ್ನು ಕೇಳಬೇಕಾದ್ದು. ಜೋರು ಗೊರಕೆ, ಉಸಿರಿನ ನಡುವೆ ಉದ್ದದ ನಿಲುಗಡೆ, ಕಾಲು ಜಾಡಿಸೋದು, ನಿದ್ದೆಯಲ್ಲಿ ಗಲಿಬಿಲಿ, ಬೇರೆ ಏನಾದರೂ ಚಡಪಡಿಕೆ. ಇವಕ್ಕೆ ಒಟ್ಟು ಅಂಕದಲ್ಲಿ ಜಾಗವೇ ಇಲ್ಲ. ಅಂಕಕ್ಕೆ ಸೇರಲ್ಲ ಅಂತ ಹೊತ್ತು ಉಳಿಸೋಕೆ ಎಷ್ಟೋ ಜನ ಬಿಟ್ಟೇ ಬಿಡುತ್ತಾರೆ.

ಅವತ್ತು ಅಜ್ಜಿಯ ಮನೆಯಲ್ಲಿ ನಾನು ಪೆನ್ನು ಮುಚ್ಚುವ ಹೊತ್ತಿಗೆ ತಾತ ಗದ್ದೆಯಿಂದ ಬಂದರು. ಆ ಐದು ಪ್ರಶ್ನೆ ಅವರನ್ನು ಕೇಳಿದೆ. ಗೊರಕೆ ಅನ್ನುವ ಮಾತು ಬಾಯಿಂದ ಬಿದ್ದದ್ದೇ ತಡ, ತಾತ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಅಂದರು:

“ಗೊರ್ಕೆ ಒಂದೇ ಆಗಿದ್ರೆ ತಡ್ಕೋಬೋದಿತ್ತು ಕಣವ್ವ. ಗೊರ್ಕೆ ಒಡೀತಾ ಒಡೀತಾ ಉಸ್ರೇ ನಿಂತೋಯ್ತದೆ. ನಾನು ಎದ್ದು ಕೂತ್ಕಂಡು ಅಲ್ಲಾಡುಸ್ತೀನಿ. ಆಮೇಲೆ ಗೊಸಕ್ ಅಂತ ಎಳ್ಕತಾಳೆ.”

ಅಜ್ಜಿ ಸುಲಿಯೋದು ನಿಲ್ಲಿಸಿದರು. “ನಂಗೆ ಯೋಳೇ ಇಲ್ವಲ್ಲ ನೀನು” ಅಂದರು. “ಎದ್ರುಕತೀಯಾ ಅಂತ ಯೋಳ್ನಿಲ್ಲ” ಅಂದರು ತಾತ.

ನಾನು ಸ್ಟಾಪ್-ಬ್ಯಾಂಗ್ ಹಾಳೆ ತೆಗೆದೆ. ಗೊರಕೆ ಹೌದು, ಹಗಲು ದಣಿವು ಹೌದು, ಉಸಿರು ನಿಂತದ್ದನ್ನು ನೋಡಿದವರು ಇದ್ದಾರೆ, ಬಿಪಿ ಮಾತ್ರೆ ನುಂಗುತ್ತಾರೆ, ವಯಸ್ಸು 50 ದಾಟಿ ಎಷ್ಟೋ ವರ್ಷ ಆಯ್ತು. ಐದು. ಹಾಳೆಯ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಯಾವ ವಿಭಾಗಕ್ಕೆ ಹೋಗಬೇಕು, ಹೋದಾಗ ಏನು ಹೇಳಬೇಕು ಅಂತ ಬರೆದುಕೊಟ್ಟೆ. ತಾತ ಅದನ್ನು ಮಡಿಸಿ ಅಂಗಿ ಜೇಬಿಗೆ ಇಟ್ಟುಕೊಂಡರು. “ಏನ್ ಯೋಳ್ಬೇಕು ಅಂತ ಬರೆದಿದ್ದೀಯಲ್ಲ, ಒಂದ್ಸಲ ಓದು ಮಗಾ” ಅಂತ ಅಜ್ಜಿ ಕೇಳಿದರು. ಜೇಬಿನಿಂದ ಮತ್ತೆ ಹಾಳೆ ತೆಗೆಸಿ, ಗಟ್ಟಿಯಾಗಿ ಓದಿದೆ.